ಓದುಗರ ಪ್ರಶ್ನೆ: ಪಿಜ್ಜಾದ ತಳವನ್ನೂ ಒಮ್ಮೆ ಎತ್ತಿ ನೋಡಿ

ಮನೆಯ ಹತ್ತಿರದ ಸಣ್ಣ ಇಟಾಲಿಯನ್ ಪಿಜ್ಜಾ ರೆಸ್ಟೊರೆಂಟಿನಲ್ಲಿ ಕುಳಿತು ಊಟ ಮಾಡುವ ಬಗ್ಗೆ ಓದುಗರು ಕಳುಹಿಸಿದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಹಲವರು ಕೇಳಿದ್ದ ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇನೆ.

ಪ್ರಶ್ನೆ: ನಮ್ಮ ಬೀದಿಯ ಕೊನೆಯಲ್ಲಿ ಒಂದು ಕುಟುಂಬ ನಡೆಸುವ ಸಣ್ಣ ಪಿಜ್ಜಾ ರೆಸ್ಟೊರೆಂಟ್ ಆರಂಭವಾಗಿದೆ. ಮೆನುವಿನಲ್ಲಿ ಮೂವತ್ತಕ್ಕೂ ಹೆಚ್ಚು ಹೆಸರುಗಳಿವೆ. ಮೊದಲ ಸಲ ಹೋದವರು ಏನನ್ನು ತರಿಸಬೇಕು? ಅಲ್ಲಿಯ ಪಿಜ್ಜಾ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ನಾವೇ ತಿಳಿಯುವುದು ಹೇಗೆ?

ಉತ್ತರ: ಮೊದಲ ಭೇಟಿಯಲ್ಲಿ ಮಾರ್ಗೆರಿಟಾ ತರಿಸಿ. ಜೊತೆಗೆ ಇನ್ನೊಬ್ಬರಿದ್ದರೆ ಒಂದು ಮರಿನಾರಾ ಕೂಡ ಇರಲಿ. ಮಾರ್ಗೆರಿಟಾದಲ್ಲಿ ಟೊಮೆಟೊ, ಮೊಝರೆಲ್ಲಾ ಚೀಸ್, ಬೇಸಿಲ್ ಎಲೆ ಮತ್ತು ಆಲಿವ್ ಎಣ್ಣೆ ಇರುತ್ತವೆ. ಮರಿನಾರಾದಲ್ಲಿ ಚೀಸ್ ಕೂಡ ಇರುವುದಿಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಮತ್ತು ಎಣ್ಣೆ, ಅಷ್ಟೆ. ಮೆನುವಿನಲ್ಲಿ ಇವೆರಡೇ ಎಲ್ಲಕ್ಕಿಂತ ಅಗ್ಗವಾಗಿರುವುದು ಸಾಮಾನ್ಯ, ಆದ್ದರಿಂದ ಅನೇಕರು ಇವುಗಳನ್ನು ಮಕ್ಕಳಿಗೆಂದು ಬಿಟ್ಟು ಮುಂದೆ ಹೋಗುತ್ತಾರೆ. ಅದು ತಪ್ಪು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಪಿಜ್ಜಾ ಮೂಲತಃ ಒಂದು ಬಗೆಯ ಬ್ರೆಡ್. ಅದರ ಮೇಲೆ ಹತ್ತು ಪದಾರ್ಥಗಳನ್ನು ಹೇರಿದಾಗ ಕೆಳಗಿನ ಬ್ರೆಡ್ಡಿನ ದೋಷ ಮುಚ್ಚಿಹೋಗುತ್ತದೆ. ಎರಡು ಮೂರೇ ಪದಾರ್ಥಗಳಿರುವಾಗ ಅಡುಗೆಯವರು ಏನನ್ನೂ ಅಡಗಿಸಲಾರರು.

ಪಿಜ್ಜಾ ಮೇಜಿಗೆ ಬಂದ ಕೂಡಲೇ ಮೇಲಿನ ಬಣ್ಣವನ್ನಷ್ಟೇ ನೋಡಬೇಡಿ. ಒಂದು ಅಂಚನ್ನು ಮೆಲ್ಲನೆ ಎತ್ತಿ ಅದರ ತಳವನ್ನು ನೋಡಿ. ಚೆನ್ನಾಗಿ ಬೆಂದ ಪಿಜ್ಜಾದ ತಳ ಬಿಳಿಚಿಕೊಂಡಿರುವುದಿಲ್ಲ, ಒಂದೇ ಸಮನೆ ಕಪ್ಪಾಗಿಯೂ ಇರುವುದಿಲ್ಲ. ಹೊಂಬಣ್ಣದ ನಡುವೆ ಅಲ್ಲಲ್ಲಿ ಗಾಢ ಕಂದು ಚುಕ್ಕೆಗಳು ಚದುರಿರುತ್ತವೆ. ತಳದಲ್ಲಿ ಹಸಿ ಹಿಟ್ಟಿನ ಪುಡಿ ದಪ್ಪವಾಗಿ ಅಂಟಿಕೊಂಡಿದ್ದು ಅದು ಸುಟ್ಟು ಕಹಿಯಾಗಿದ್ದರೆ, ಒಲೆಯ ನೆಲವನ್ನು ಗುಡಿಸದೆ ಒಂದರ ಮೇಲೊಂದು ಬೇಯಿಸಿದ್ದಾರೆ ಎಂದು ತಿಳಿಯಬಹುದು. ನಂತರ ಅಂಚಿನ ಒಂದು ತುಂಡನ್ನು ಮುರಿದು ಅದರ ಒಳಭಾಗವನ್ನು ಗಮನಿಸಿ. ಸಣ್ಣವೂ ದೊಡ್ಡವೂ ಆದ ಗಾಳಿಗುಳ್ಳೆಗಳು ಅಡ್ಡಾದಿಡ್ಡಿಯಾಗಿ ಹರಡಿದ್ದರೆ ಕಣಕಕ್ಕೆ ಸಾಕಷ್ಟು ಸಮಯ ಸಿಕ್ಕಿದೆ. ಒಳಗೆ ಬಿಗಿಯಾಗಿ, ಅಂಟಂಟಾಗಿ, ಬೂದು ಬಣ್ಣದ ಗೆರೆಯಂತೆ ಕಾಣುತ್ತಿದ್ದರೆ ಕಣಕ ಉಬ್ಬುವ ಮುನ್ನವೇ ಒಲೆ ಸೇರಿದೆ, ಇಲ್ಲವೇ ಒಲೆ ಸಾಕಷ್ಟು ಕಾದಿರಲಿಲ್ಲ.

ಈ ಸಮಯದ ಮಾತನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ರುಚಿಯ ಗುಟ್ಟು ಇರುವುದು ಇಲ್ಲಿ. ಹಿಟ್ಟು, ನೀರು, ಉಪ್ಪು, ಯೀಸ್ಟ್ ಈ ನಾಲ್ಕನ್ನೇ ನಾದಿ ಕಣಕ ಮಾಡುತ್ತಾರೆ. ನಾದಿದಾಗ ಗೋಧಿಯ ಪ್ರೋಟೀನುಗಳು ಗ್ಲೂಟೆನ್ ಎಂಬ ಹಿಗ್ಗುವ ಬಲೆಯಾಗುತ್ತವೆ. ಯೀಸ್ಟ್ ಬಿಡುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಆ ಬಲೆ ಹಿಡಿದಿಟ್ಟುಕೊಳ್ಳುತ್ತದೆ. ಅದೇ ವೇಳೆಗೆ ಹಿಟ್ಟಿನಲ್ಲಿಯೇ ಇರುವ ಕಿಣ್ವಗಳು ಪಿಷ್ಟವನ್ನು ಸ್ವಲ್ಪ ಸ್ವಲ್ಪವಾಗಿ ಸಕ್ಕರೆಯಾಗಿ ಒಡೆಯುತ್ತಿರುತ್ತವೆ. ಆ ಸಕ್ಕರೆಯಿಂದಲೇ ಒಲೆಯಲ್ಲಿ ಬಣ್ಣವೂ ಪರಿಮಳವೂ ಮೂಡುತ್ತವೆ. ಗಡಿಬಿಡಿಯಲ್ಲಿ ಹೆಚ್ಚು ಯೀಸ್ಟ್ ಸುರಿದು ಬೇಗ ಉಬ್ಬಿಸಿದ ಕಣಕ ಆಕಾರವನ್ನೇನೋ ಪಡೆಯುತ್ತದೆ, ಆದರೆ ಅದಕ್ಕೆ ಈ ರುಚಿ ಬರುವುದಿಲ್ಲ. ಕಣಕವನ್ನು ಎಷ್ಟು ಹೊತ್ತು ಇಡುತ್ತೀರಿ ಎಂದು ಬಡಿಸುವವರನ್ನು ವಿಚಾರಿಸಿ. ಒಳ್ಳೆಯ ಅಡುಗೆಮನೆಯಲ್ಲಿ ಆ ಪ್ರಶ್ನೆಗೆ ಗಂಟೆಗಳ ಲೆಕ್ಕದಲ್ಲಿ ಉತ್ತರ ಬರುತ್ತದೆ, ಅದೂ ಸಂತೋಷದಿಂದ ಬರುತ್ತದೆ.

ಇನ್ನೊಂದು ಸೂಚನೆಯಿದೆ. ಯಾವುದೋ ಸಂಜೆ ನೀವು ತಡವಾಗಿ ಹೋದಾಗ “ಇಂದಿನ ಕಣಕ ಮುಗಿಯಿತು” ಎಂದು ಹೇಳಿ ಕಳುಹಿಸಿದರೆ ಬೇಸರಿಸಬೇಡಿ. ನಾಳೆಯ ಕಣಕ ಆಗಲೇ ಉಬ್ಬುತ್ತಿರುತ್ತದೆ, ಅದನ್ನು ಇಂದೇ ಮುಟ್ಟುವುದಿಲ್ಲ ಎಂಬ ಶಿಸ್ತು ಆ ಮಾತಿನ ಹಿಂದಿದೆ. ಅಂಥ ಸ್ಥಳಕ್ಕೆ ಮರುದಿನ ಸ್ವಲ್ಪ ಬೇಗ ಹೋಗುವುದು ಸಾರ್ಥಕ.

ಪ್ರಶ್ನೆ: ಇತ್ತೀಚೆಗೆ ಹೋದ ಕಡೆ ಪಿಜ್ಜಾದ ಅಂಚಿನಲ್ಲಿ ಕಪ್ಪು ಕಲೆಗಳಿದ್ದವು, ನಡುಭಾಗವಂತೂ ಒದ್ದೆಯಾಗಿ ಕೈಗೆತ್ತಿಕೊಂಡರೆ ಜೋಲುತ್ತಿತ್ತು. ಸುಟ್ಟಿದೆಯೆನ್ನಬೇಕೋ ಬೆಂದಿಲ್ಲವೆನ್ನಬೇಕೋ ತಿಳಿಯಲಿಲ್ಲ. ಅದನ್ನು ಹಿಂದಿರುಗಿಸಬಹುದಿತ್ತೇ?

ಉತ್ತರ: ನೀವು ತಿಂದದ್ದು ಬಹುಶಃ ಇಟಲಿಯ ನೇಪಲ್ಸ್ ನಗರದ ಮಾದರಿಯ ಪಿಜ್ಜಾ. ಆ ಮಾದರಿಯಲ್ಲಿ ಇವೆರಡೂ ಸಹಜ ಗುಣಗಳು. ಐರೋಪ್ಯ ಒಕ್ಕೂಟವು 2010ರಲ್ಲಿ ನೇಪಲ್ಸ್ ಪಿಜ್ಜಾವನ್ನು ಸಾಂಪ್ರದಾಯಿಕ ವಿಶೇಷ ತಿನಿಸೆಂದು ನೋಂದಾಯಿಸಿದಾಗ ಅದರ ಲಕ್ಷಣಗಳನ್ನು ವಿವರವಾಗಿ ಬರೆದಿಟ್ಟಿತು: ಅಗಲ 35 ಸೆಂಟಿಮೀಟರ್ ಮೀರಬಾರದು, ನಡುಭಾಗದ ದಪ್ಪ ಸುಮಾರು 4 ಮಿಲಿಮೀಟರ್, ಉಬ್ಬಿದ ಅಂಚು 1ರಿಂದ 2 ಸೆಂಟಿಮೀಟರ್, ಕಟ್ಟಿಗೆ ಒಲೆಯ ನೆಲದ ಉಷ್ಣತೆ ಸುಮಾರು 485 ಡಿಗ್ರಿ ಸೆಲ್ಸಿಯಸ್, ಬೇಯುವ ಅವಧಿ 60ರಿಂದ 90 ಸೆಕೆಂಡ್. ಮನೆಯ ಸಾಮಾನ್ಯ ಓವನ್ ಸುಮಾರು 250 ಡಿಗ್ರಿಯವರೆಗೆ ಕಾಯುತ್ತದೆ ಎಂಬುದನ್ನು ನೆನಪಿಸಿಕೊಂಡರೆ ಈ ಶಾಖದ ತೀವ್ರತೆ ಅರ್ಥವಾದೀತು. ಅಷ್ಟು ಶಾಖದಲ್ಲಿ ಒಂದೂವರೆ ನಿಮಿಷ ಮಾತ್ರ ಇದ್ದ ಕಣಕದ ಹೊರಮೈ ಚುರುಗುಟ್ಟಿ ಚುಕ್ಕೆಗಳಾಗುತ್ತದೆ, ಆದರೆ ಒಳಗಿನ ನೀರು ಆವಿಯಾಗಿ ಪೂರ್ತಿ ಹೊರಹೋಗಲು ಸಮಯವೇ ಇರುವುದಿಲ್ಲ. ಆದ್ದರಿಂದಲೇ ಅದು ಮೃದುವಾಗಿ, ಮಡಚಲು ಬರುವಂತೆ ಉಳಿಯುತ್ತದೆ. ಟೊಮೆಟೊ ಕೂಡ ಮೊದಲೇ ಕುದಿಸಿದ್ದಲ್ಲ. ಹಿಸುಕಿ ಉಪ್ಪು ಬೆರೆಸಿದ ಹಣ್ಣು ಒಲೆಯಲ್ಲಿಯೇ ಬೇಯುತ್ತದೆ. ಅದರ ರಸವೂ ಚೀಸಿನ ನೀರೂ ನಡುವಿಗೆ ಹರಿದು ಸೇರುತ್ತವೆ.

ಗರಿಗರಿಯಾದ, ತೆಳುವಾದ, ಎತ್ತಿದರೆ ನೆಟ್ಟಗೆ ನಿಲ್ಲುವ ಪಿಜ್ಜಾ ನಿಮಗಿಷ್ಟವಾದರೆ ರೋಮ್ ಮಾದರಿಯದನ್ನು ಕೇಳಿ. ಅದನ್ನು ಇನ್ನೂ ತೆಳುವಾಗಿ ಹರಡಿ, ಕಡಿಮೆ ಶಾಖದಲ್ಲಿ ಹೆಚ್ಚು ಹೊತ್ತು ಬೇಯಿಸುತ್ತಾರೆ, ಅಂಚು ಉಬ್ಬಿರುವುದಿಲ್ಲ. ಒಂದು ಮಾದರಿಯನ್ನು ಇನ್ನೊಂದರ ಅಳತೆಗೋಲಿನಿಂದ ಅಳೆದಾಗ ಎರಡಕ್ಕೂ ಅನ್ಯಾಯವಾಗುತ್ತದೆ.

ಹಾಗೆಂದು ಎಲ್ಲ ಒದ್ದೆತನವನ್ನೂ ಸಂಪ್ರದಾಯದ ಹೆಸರಿನಲ್ಲಿ ಒಪ್ಪಿಕೊಳ್ಳಬೇಕಾಗಿಲ್ಲ. ಮೊಝರೆಲ್ಲಾವನ್ನು ಹೆಚ್ಚಿದ ಮೇಲೆ ಜರಡಿಯಲ್ಲಿಟ್ಟು ನೀರು ಬಸಿಯಬೇಕು. ಎಮ್ಮೆ ಹಾಲಿನ ಮೊಝರೆಲ್ಲಾದಲ್ಲಂತೂ ನೀರು ಹೆಚ್ಚು. ಆ ಕೆಲಸವನ್ನು ಬಿಟ್ಟ ಕಡೆ ತಟ್ಟೆಯಲ್ಲಿ ಬಿಳಿಯ ನೀರು ನಿಂತಿರುತ್ತದೆ. ಅಂಚಿನ ಚುಕ್ಕೆಗಳು ಬಿಡಿಬಿಡಿಯಾಗಿದ್ದರೆ ಒಳ್ಳೆಯದೇ. ಅರ್ಧ ಅಂಚು ಇದ್ದಿಲಾಗಿ ಕಹಿ ಬಂದಿದ್ದರೆ, ಅಥವಾ ನಡುವೆ ಹಸಿ ಹಿಟ್ಟು ನಾಲಿಗೆಗೆ ಅಂಟಿದರೆ, ಮರ್ಯಾದೆಯಿಂದ ತಿಳಿಸಿ ಬೇರೊಂದನ್ನು ಕೇಳುವುದರಲ್ಲಿ ತಪ್ಪಿಲ್ಲ. ಅರ್ಧ ತಿಂದು ಮುಗಿಸಿದ ಮೇಲೆ ಹೇಳುವುದಕ್ಕಿಂತ ಮೊದಲ ತುತ್ತಿನಲ್ಲಿಯೇ ಹೇಳಿದರೆ ಅಡುಗೆಯವರಿಗೂ ಒಲೆಯನ್ನು ಸರಿಪಡಿಸಿಕೊಳ್ಳಲು ಅನುಕೂಲ.

ಪ್ರಶ್ನೆ: ಪಿಜ್ಜಾ ಒಂದೂವರೆ ನಿಮಿಷದಲ್ಲಿ ಬೇಯುತ್ತದೆ ಎಂದು ಓದಿದ್ದೇನೆ. ಹಾಗಿದ್ದ ಮೇಲೆ ವಾರಾಂತ್ಯದಲ್ಲಿ ನಲವತ್ತು ನಿಮಿಷ ಕಾಯಿಸುವುದೇಕೆ? ಎಂಟು ಜನ ಒಟ್ಟಿಗೆ ಹೋದಾಗ ಎಲ್ಲರಿಗೂ ಒಂದೇ ಹೊತ್ತಿಗೆ ಬರುವುದೂ ಇಲ್ಲ.

ಉತ್ತರ: ಕಾಯುವಿಕೆಯ ಕಾರಣ ಅಡುಗೆಯವರ ನಿಧಾನವಲ್ಲ, ಒಲೆಯ ಮಿತಿ. ಸಣ್ಣ ರೆಸ್ಟೊರೆಂಟಿನ ಗುಮ್ಮಟದ ಒಲೆಯಲ್ಲಿ ಒಂದು ಸಲಕ್ಕೆ ಕೆಲವೇ ಪಿಜ್ಜಾಗಳು ಹಿಡಿಸುತ್ತವೆ, ಮತ್ತು ಹಿಡಿಸುವಷ್ಟನ್ನೂ ತುಂಬುವುದು ಜಾಣತನವಲ್ಲ. ಬೆಂಕಿಯ ಕಡೆಗಿರುವ ಅಂಚು ಬೇಗ ಕಪ್ಪಾಗುವುದರಿಂದ ಪ್ರತಿಯೊಂದನ್ನೂ ಉದ್ದ ಹಿಡಿಯ ಸಣ್ಣ ಸಲಾಕೆಯಿಂದ ಎರಡು ಮೂರು ಸಲ ತಿರುಗಿಸಬೇಕು. ನಾಲ್ಕಕ್ಕಿಂತ ಹೆಚ್ಚಾದರೆ ಒಂದನ್ನು ತಿರುಗಿಸುವಷ್ಟರಲ್ಲಿ ಇನ್ನೊಂದು ಸುಡುತ್ತದೆ. ಅದಲ್ಲದೆ ಪ್ರತಿ ಹಸಿ ಕಣಕವೂ ಒಲೆಯ ಇಟ್ಟಿಗೆ ನೆಲದಿಂದ ಶಾಖ ಹೀರಿಕೊಳ್ಳುತ್ತದೆ. ಇಟ್ಟಿಗೆ ಉಕ್ಕಿನಷ್ಟು ಬೇಗ ಶಾಖವನ್ನು ದಾಟಿಸುವುದಿಲ್ಲ. ತಳ ಒಮ್ಮೆಲೇ ಹೊತ್ತಿಹೋಗದಿರುವುದು ಈ ಗುಣದಿಂದಲೇ, ಆದರೆ ತಣಿದ ಜಾಗ ಮತ್ತೆ ಕಾಯಲು ಸಮಯ ಹಿಡಿಯುವುದೂ ಇದರಿಂದಲೇ. ಜನದಟ್ಟಣೆಯ ಹೊತ್ತಿನಲ್ಲಿ ಅದಕ್ಕೆ ವಿರಾಮ ಕೊಡದೆ ಒಂದರ ಹಿಂದೊಂದು ಹಾಕಿದರೆ ಮೇಲ್ಭಾಗ ಬೆಂದು ತಳ ಬಿಳಿಯಾಗಿಯೇ ಉಳಿಯುತ್ತದೆ. ಹಾಗಾಗಿ ಶನಿವಾರ ರಾತ್ರಿ ನಿಮ್ಮನ್ನು ಕಾಯಿಸುವ ಅಡುಗೆಯವರು ನಿಮ್ಮ ಪಿಜ್ಜಾದ ತಳವನ್ನು ಕಾಪಾಡುತ್ತಿರಬಹುದು.

ಎಂಟು ಜನರಿದ್ದಾಗ ಒಂದು ಉಪಾಯವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಇಟಲಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಇಡೀ ಪಿಜ್ಜಾ ತರಿಸುವುದು ರೂಢಿಯಾದರೂ, ದೊಡ್ಡ ಗುಂಪಿನಲ್ಲಿ ಎಲ್ಲರೂ ಹಂಚಿಕೊಂಡು ತಿನ್ನುವುದೇ ಮೇಲು. ಮೊದಲಿಗೆ ಎರಡು ಅಥವಾ ಮೂರು ಹೇಳಿ, ಅವು ಬಂದು ಖಾಲಿಯಾಗುವ ಹೊತ್ತಿಗೆ ಮುಂದಿನ ಎರಡನ್ನು ಕಳುಹಿಸುವಂತೆ ಕೇಳಿಕೊಳ್ಳಿ. ಆಗ ಮೇಜಿನ ಮೇಲೆ ಸದಾ ಬಿಸಿಯಾದದ್ದೇ ಇರುತ್ತದೆ. ಎಂಟನ್ನೂ ಒಟ್ಟಿಗೆ ತರಬೇಕೆಂದು ಹಟ ಹಿಡಿದರೆ ಮೊದಲು ಬೆಂದವು ಕೊನೆಯವುಗಳಿಗಾಗಿ ಕಾಯುತ್ತ ತಣ್ಣಗಾಗುತ್ತವೆ, ಮತ್ತು ತಣಿದ ಮೊಝರೆಲ್ಲಾ ರಬ್ಬರಿನಂತಾಗುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಬಂದ ಪಿಜ್ಜಾದ ಫೋಟೊ ತೆಗೆಯಲು ಐದು ನಿಮಿಷ ಕಳೆಯುವವರಿಗೂ ಇದೇ ಮಾತು.

ಪ್ರಶ್ನೆ: ನಾವು ಸಂಪೂರ್ಣ ಸಸ್ಯಾಹಾರಿಗಳು. ಮೆನುವಿನಲ್ಲಿ ಇಟಾಲಿಯನ್ ಹೆಸರುಗಳೇ ಇರುವುದರಿಂದ ಯಾವುದನ್ನು ನಂಬಬೇಕೋ ಗೊತ್ತಾಗುವುದಿಲ್ಲ. ತರಕಾರಿ ಪಿಜ್ಜಾ ಎಂದು ಹೇಳಿದರೆ ಸಾಕೇ?

ಉತ್ತರ: ಸಾಲದು. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಬಡಿಸುವವರಿಗೇ ಪೂರ್ತಿ ಮಾಹಿತಿ ಇಲ್ಲದಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಮೊದಲನೆಯದು ಹೆಸರುಗಳ ಗೊಂದಲ. ಇಟಾಲಿಯನ್ ಭಾಷೆಯಲ್ಲಿ ಪೆಪೆರೊನಿ ಎಂದರೆ ದಪ್ಪ ಮೆಣಸಿನಕಾಯಿ, ಅಂದರೆ ತರಕಾರಿ. ಆದರೆ ಅಮೆರಿಕದ ಪ್ರಭಾವದಿಂದ ಜಗತ್ತಿನಾದ್ಯಂತ ಪೆಪರೋನಿ ಎಂಬ ಹೆಸರು ಹಂದಿ ಮತ್ತು ದನದ ಮಾಂಸದ ಖಾರದ ಸಾಸೇಜಿಗೆ ಸಲ್ಲುತ್ತಿದೆ. ಉಚ್ಚಾರಣೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಇಲ್ಲಿ ಖಚಿತಪಡಿಸಿಕೊಳ್ಳದೆ ಮುಂದುವರಿಯಬೇಡಿ. ಮರಿನಾರಾ ಎಂಬ ಹೆಸರಿನಲ್ಲಿ ಸಮುದ್ರದ ಸೂಚನೆಯಿದ್ದರೂ ಅದರಲ್ಲಿ ಮೀನಿಲ್ಲ. ನಾವಿಕರ ನಂಟಿನಿಂದ ಆ ಹೆಸರು ಬಂದಿದೆ ಎನ್ನುತ್ತಾರೆ. ಇದಕ್ಕೆ ವಿರುದ್ಧವಾಗಿ, ನೇಪಲ್ಸ್ ಊರಿನ ಇಟಾಲಿಯನ್ ಹೆಸರು ಹೊತ್ತ ನಾಪೊಲಿ ಪಿಜ್ಜಾದಲ್ಲಿ ಆಂಚೊವಿ ಎಂಬ ಉಪ್ಪಿನಲ್ಲಿಟ್ಟ ಸಣ್ಣ ಮೀನು ಇರುವುದು ಸಾಮಾನ್ಯ. ಕಾಪ್ರಿಚೋಸಾ ಮತ್ತು ಕ್ವಾತ್ರೊ ಸ್ತಜೋನಿ ಎಂಬವುಗಳಲ್ಲಿ ಅಣಬೆ, ಆರ್ಟಿಚೋಕ್, ಆಲಿವ್ ಕಾಯಿಗಳ ಜೊತೆ ಹಂದಿಮಾಂಸವೂ ಇರುತ್ತದೆ. ದಿಯಾವೊಲಾದಲ್ಲಿ ಖಾರದ ಸಲಾಮಿ, ಅಂದರೆ ಮಾಂಸದ ಸಾಸೇಜ್ ಇರುತ್ತದೆ. ಒರ್ತೊಲಾನಾ ಎಂಬುದು ಕೈತೋಟದ ತರಕಾರಿಗಳದ್ದು, ಫುಂಗಿ ಎಂದರೆ ಅಣಬೆ, ಮೆಲಂಜಾನೆ ಎಂದರೆ ಬದನೆಕಾಯಿ.

ಎರಡನೆಯದು ಚೀಸ್, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ಹಾಲನ್ನು ಗಟ್ಟಿಗೊಳಿಸಲು ಬಳಸುವ ರೆನೆಟ್ ಎಂಬ ಪದಾರ್ಥವನ್ನು ಸಾಂಪ್ರದಾಯಿಕವಾಗಿ ಕರುವಿನ ಹೊಟ್ಟೆಯಿಂದ ಪಡೆಯುತ್ತಾರೆ. ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದೂ ಇದೆ. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸಿನ ನಿಯಮಗಳ ಪ್ರಕಾರ ಕರುವಿನ ರೆನೆಟ್ ಕಡ್ಡಾಯ. ಆ ಹೆಸರಿನ ಅಸಲಿ ಚೀಸ್ ಎಂದಿಗೂ ಕಟ್ಟುನಿಟ್ಟಿನ ಸಸ್ಯಾಹಾರವಾಗಲಾರದು. ಕುರಿಯ ಹಾಲಿನ ಪೆಕೊರಿನೊ ರೊಮಾನೊ ಚೀಸಿಗೆ ಕುರಿಮರಿಯ ರೆನೆಟ್ ಬಳಸುತ್ತಾರೆ. ಸಾಮಾನ್ಯ ಮೊಝರೆಲ್ಲಾವನ್ನು ಮಾತ್ರ ಎರಡೂ ಬಗೆಯಲ್ಲಿ ಮಾಡುತ್ತಾರೆ, ಆದ್ದರಿಂದ ಪೊಟ್ಟಣದ ಮೇಲಿನ ವಿವರ ನೋಡಿ ಹೇಳುವಂತೆ ಅಡುಗೆಮನೆಯವರನ್ನು ಕೇಳಬೇಕು. ತರಕಾರಿ ಪಿಜ್ಜಾದ ಮೇಲೆ ಕೊನೆಯಲ್ಲಿ ಉದುರಿಸುವ ತುರಿದ ಚೀಸನ್ನು ಬಹುಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪೆಸ್ಟೊ ಎಂಬ ಹಸಿರು ಬೇಸಿಲ್ ಚಟ್ನಿ ಹಚ್ಚಿದ್ದರೆ ಅದರೊಳಗೂ ಇದೇ ಚೀಸುಗಳಿರುತ್ತವೆ.

ಮೂರನೆಯದು ಊಟದ ಕೊನೆಯ ಸಿಹಿ. ತಿರಾಮಿಸುವಿನಲ್ಲಿ ಮೊಟ್ಟೆಯಿದೆ, ಕೆಲವೆಡೆ ಮದ್ಯವನ್ನೂ ಬೆರೆಸುತ್ತಾರೆ. ಪನ್ನಾ ಕೊಟ್ಟಾವನ್ನು ಗಟ್ಟಿಗೊಳಿಸಲು ಪ್ರಾಣಿಜನ್ಯ ಜೆಲಟಿನ್ ಹಾಕುತ್ತಾರೆ.

ಇಷ್ಟನ್ನು ಓದಿ ಹಿಂಜರಿಯಬೇಡಿ. ಮೇಲೆ ಹೇಳಿದ ಮರಿನಾರಾ ಈ ಎಲ್ಲ ಸಂದೇಹಗಳಿಂದ ಹೊರಗಿದೆ. ನೇಪಲ್ಸಿನ ಕ್ರಮದಂತೆ ಮಾಡಿದ ಕಣಕದಲ್ಲಿ ಹಾಲು, ಮೊಟ್ಟೆ, ಕೊಬ್ಬು ಯಾವುದೂ ಇರುವುದಿಲ್ಲ. ಮಾಂಸದ ಪಿಜ್ಜಾ ಕತ್ತರಿಸಿದ ಚಕ್ರದಿಂದಲೇ ನಿಮ್ಮದನ್ನೂ ಕತ್ತರಿಸಬಾರದೆಂದಿದ್ದರೆ, ಕತ್ತರಿಸದೆ ಇಡಿಯಾಗಿ ಕಳುಹಿಸುವಂತೆ ಹೇಳಿ. ಒಲೆ ಒಂದೇ ಆಗಿರುತ್ತದೆ ಎಂಬುದು ನಿಮಗೆ ಒಪ್ಪಿಗೆಯೇ ಎಂಬುದನ್ನು ಮಾತ್ರ ನೀವೇ ನಿರ್ಧರಿಸಬೇಕು.

ಪ್ರಶ್ನೆ: ಕೈಯಿಂದ ತಿನ್ನಬೇಕೋ, ಚಾಕು ಮತ್ತು ಫೋರ್ಕ್ ಬಳಸಬೇಕೋ?

ಉತ್ತರ: ಎರಡೂ ಸರಿ. ಇಟಲಿಯ ಪಿಜ್ಜೇರಿಯಾಗಳಲ್ಲಿ ಪಿಜ್ಜಾವನ್ನು ಕತ್ತರಿಸದೆ ತಟ್ಟೆಯಲ್ಲಿಟ್ಟು ಕೊಡುತ್ತಾರೆ, ತಿನ್ನುವವರು ಚಾಕು ಫೋರ್ಕುಗಳಿಂದ ನಡುಭಾಗದಿಂದ ಶುರುಮಾಡಿ, ಸ್ವಲ್ಪ ಆರಿದ ಮೇಲೆ ಉಳಿದದ್ದನ್ನು ಕೈಗೆತ್ತಿಕೊಳ್ಳುತ್ತಾರೆ. ನಡುಭಾಗ ಬಿಸಿಯಾಗಿರುವಾಗಲೇ ತಿನ್ನುವುದರಲ್ಲಿ ಅರ್ಥವಿದೆ, ಏಕೆಂದರೆ ಮೊದಲು ಒದ್ದೆಯಾಗುವುದು ಅದೇ. ನೇಪಲ್ಸಿನ ಬೀದಿಗಳಲ್ಲಿ ಸಣ್ಣ ಪಿಜ್ಜಾವನ್ನು ನಾಲ್ಕು ಮಡಿಕೆ ಮಾಡಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಹಣದ ಕೈಚೀಲದಂತೆ ಮಡಚಿದ್ದು ಎಂಬರ್ಥದಲ್ಲಿ ಅದಕ್ಕೆ ‘ಪೊರ್ತಫೋಲ್ಯೊ’ ಎನ್ನುತ್ತಾರೆ. ತಟ್ಟೆಯ ಅಂಚಿನಲ್ಲಿ ತಿನ್ನದೆ ಉಳಿಯುವ ಆ ಉಬ್ಬಿದ ಭಾಗದ ಬಗ್ಗೆ ಮಾತ್ರ ನನಗೆ ಒಂದು ಬಿನ್ನಹವಿದೆ. ಅದನ್ನು ಸಿಪ್ಪೆಯಂತೆ ಎಸೆಯಬೇಡಿ. ಅಡುಗೆಯವರ ಇಡೀ ದಿನದ ಶ್ರಮ ಇರುವುದು ಅಲ್ಲಿ. ತಟ್ಟೆಯಲ್ಲಿ ಉಳಿದ ಟೊಮೆಟೊ ರಸಕ್ಕೆ ಅದ್ದಿಕೊಂಡು ತಿನ್ನಿ.

ಪ್ರಶ್ನೆ: ಇಟಲಿಯ ರಾಣಿಗಾಗಿ ದೇಶದ ಧ್ವಜದ ಮೂರು ಬಣ್ಣಗಳಲ್ಲಿ ಮಾರ್ಗೆರಿಟಾ ಪಿಜ್ಜಾವನ್ನು ಸೃಷ್ಟಿಸಲಾಯಿತು ಎಂಬ ಕಥೆ ನಮ್ಮ ರೆಸ್ಟೊರೆಂಟಿನ ಮೆನುವಿನ ಮೊದಲ ಪುಟದಲ್ಲಿದೆ. ಅದು ನಿಜವೇ?

ಉತ್ತರ: ಕಥೆ ಹೀಗಿದೆ. 1889ರ ಜೂನ್ ತಿಂಗಳಲ್ಲಿ ರಾಣಿ ಮಾರ್ಗೆರಿಟಾ ನೇಪಲ್ಸಿನಲ್ಲಿದ್ದಾಗ ರಾಫೆಲೆ ಎಸ್ಪೊಸಿತೊ ಎಂಬ ಪಿಜ್ಜಾ ಕುಶಲಕರ್ಮಿ ಆಕೆಗೆ ಮೂರು ಬಗೆಯ ಪಿಜ್ಜಾಗಳನ್ನು ಮಾಡಿಕೊಟ್ಟರು. ಕೆಂಪು ಟೊಮೆಟೊ, ಬಿಳಿ ಮೊಝರೆಲ್ಲಾ, ಹಸಿರು ಬೇಸಿಲ್ ಇದ್ದದ್ದು ರಾಣಿಗೆ ಮೆಚ್ಚುಗೆಯಾಗಿ ಅದಕ್ಕೆ ಆಕೆಯ ಹೆಸರು ಬಂದಿತು. ಅರಮನೆಯಿಂದ ಬಂದ ಮೆಚ್ಚುಗೆಯ ಪತ್ರವೆಂದು ಒಂದನ್ನು ಎಸ್ಪೊಸಿತೊ ನಡೆಸುತ್ತಿದ್ದ ಪಿಜ್ಜೇರಿಯಾದಲ್ಲಿ ಪ್ರದರ್ಶಿಸಲಾಗಿದೆ. ಆದರೆ ಆ ಪತ್ರದ ಸಾಚಾತನವನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ, ಮತ್ತು ಮೊಝರೆಲ್ಲಾ ಹಾಗೂ ಬೇಸಿಲ್ ಹಾಕಿದ ಪಿಜ್ಜಾದ ವರ್ಣನೆ 19ನೇ ಶತಮಾನದ ನಡುಭಾಗದ ಬರಹಗಳಲ್ಲಿಯೇ ಸಿಗುತ್ತದೆ. ಹಾಗಾಗಿ ರಾಣಿಗಾಗಿ ಹೊಸದಾಗಿ ಸೃಷ್ಟಿಸಿದ್ದು ಎಂಬ ಮಾತು ನಿಲ್ಲುವುದಿಲ್ಲ.

ನನಗೆ ಈ ಕಥೆಗಿಂತ ಮುಖ್ಯವೆನಿಸುವುದು ಅದರ ಹಿಂದಿನ ಬಡತನ. ಟೊಮೆಟೊ ಅಮೆರಿಕ ಖಂಡದಿಂದ ಯುರೋಪಿಗೆ ಬಂದದ್ದು 16ನೇ ಶತಮಾನದಲ್ಲಿ. ನಂತರದ ಕಾಲದ ನೇಪಲ್ಸಿನಲ್ಲಿ ಅಡುಗೆಮನೆಯೇ ಇಲ್ಲದ ಕೂಲಿಕಾರರು ಬೀದಿಯಲ್ಲಿ ನಿಂತು, ಕೆಲವೇ ಕಾಸಿಗೆ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ ತಿನಿಸು ಇದು. ರಾಣಿಯ ಹೆಸರು ಅಂಟಿದ್ದರಿಂದ ಅದಕ್ಕೆ ಗೌರವ ಬಂತು ಎನ್ನುವುದಕ್ಕಿಂತ, ಹೆಸರಿಲ್ಲದ ಸಾವಿರಾರು ಕೈಗಳು ಅದನ್ನು ಪಳಗಿಸಿದವು ಎಂದು ಹೇಳುವುದೇ ನ್ಯಾಯ. ಯುನೆಸ್ಕೊ 2017ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಪಿಜ್ಜಾ ಎಂಬ ತಿನಿಸನ್ನಲ್ಲ, ಅದನ್ನು ಮಾಡುವ ನೇಪಲ್ಸಿನ ಪಿಜ್ಜಾಯುವೊಲೊಗಳ ಕಲೆಯನ್ನು. ಲಟ್ಟಣಿಗೆ ಮುಟ್ಟದೆ, ಬೆರಳ ತುದಿಗಳಿಂದ ಕಣಕದ ಗಾಳಿಯನ್ನು ನಡುವಿನಿಂದ ಅಂಚಿಗೆ ತಳ್ಳುವ ಆ ಕೈಚಳಕವನ್ನು ನೋಡಬೇಕೆಂದರೆ ಒಲೆಗೆ ಎದುರಾಗಿರುವ ಮೇಜನ್ನೇ ಕೇಳಿ ಪಡೆಯಿರಿ.

ಪ್ರಶ್ನೆ: ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ, ಅಂದರೆ ಗ್ಲೂಟೆನ್ ತಿಂದರೆ ಕರುಳಿಗೆ ಹಾನಿಯಾಗುತ್ತದೆ. ಮೆನುವಿನಲ್ಲಿ ಗ್ಲೂಟೆನ್ ರಹಿತ ಪಿಜ್ಜಾ ಎಂದು ಬರೆದಿದ್ದಾರೆ. ನಂಬಿ ಕೊಡಿಸಬಹುದೇ?

ಉತ್ತರ: ಅಡುಗೆಮನೆಯನ್ನು ವಿಚಾರಿಸದೆ ಕೊಡಿಸಬೇಡಿ. ಗ್ಲೂಟೆನ್ ಇಲ್ಲದ ಹಿಟ್ಟನ್ನು ತರಿಸಿಕೊಳ್ಳುವುದು ಸುಲಭ. ಗೋಧಿ ಹಿಟ್ಟು ಗಾಳಿಯಲ್ಲಿ ತೇಲುತ್ತಿರುವ ಪಿಜ್ಜಾ ಅಡುಗೆಮನೆಯಲ್ಲಿ ಅದನ್ನು ಶುದ್ಧವಾಗಿ ಉಳಿಸುವುದು ಬಹಳ ಕಷ್ಟ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಗ್ಲೂಟೆನ್ ರಹಿತ ಎನ್ನಲು ಒಂದು ಕಿಲೊ ಆಹಾರದಲ್ಲಿ ಗ್ಲೂಟೆನ್ 20 ಮಿಲಿಗ್ರಾಂ ಮೀರಬಾರದು. ಅದು ಎಷ್ಟು ಸಣ್ಣ ಪ್ರಮಾಣವೆಂದರೆ ಹಿಟ್ಟು ಮೆತ್ತಿದ ಕೈಯಿಂದ ಒಮ್ಮೆ ಮುಟ್ಟಿದರೂ ಮೀರಿಹೋಗಬಹುದು. ಬೇರೆ ಒಲೆಯಿದೆಯೇ, ಕಣಕ ತಟ್ಟಲು ಬೇರೆ ಜಾಗವಿದೆಯೇ, ಟೊಮೆಟೊ ಮತ್ತು ಚೀಸಿನ ಪಾತ್ರೆಗಳೂ ಬೇರೆಯೇ, ಎಂದು ಬಿಡಿಸಿ ಕೇಳಿ. ಒಲೆಯ ಶಾಖ ಗ್ಲೂಟೆನ್ನನ್ನು ನಾಶಮಾಡುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಬೇಡಿ, ಆ ರೆಸ್ಟೊರೆಂಟಿನಲ್ಲಿ ಮಗುವಿಗೆ ಪಿಜ್ಜಾ ಕೊಡಿಸಲೂ ಬೇಡಿ. “ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ” ಎಂದು ನೇರವಾಗಿ ಹೇಳುವವರೇ ಈ ವಿಷಯದಲ್ಲಿ ನಿಮ್ಮ ಹಿತೈಷಿಗಳು.

ಪ್ರಶ್ನೆ: ಅನಾನಸ್ ಹಾಕಿದ ಪಿಜ್ಜಾ ಕೇಳಿದರೆ ಇಟಾಲಿಯನ್ ಅಡುಗೆಯವರಿಗೆ ಅವಮಾನವಾಗುತ್ತದೆಯೇ?

ಉತ್ತರ: ಮೆನುವಿನಲ್ಲಿದ್ದರೆ ಧಾರಾಳವಾಗಿ ಕೇಳಿ. ಅದು ಇಟಲಿಯದ್ದಲ್ಲ, 1962ರಲ್ಲಿ ಕೆನಡಾದಲ್ಲಿ ಗ್ರೀಸ್ ಮೂಲದ ಸ್ಯಾಮ್ ಪನೊಪೌಲೊಸ್ ತಮ್ಮ ರೆಸ್ಟೊರೆಂಟಿನಲ್ಲಿ ಆರಂಭಿಸಿದ ಪ್ರಯೋಗ. ಹುಳಿ ಸಿಹಿಗಳು ಉಪ್ಪಿನ ಚೀಸಿನೊಡನೆ ಹೊಂದುವುದಿಲ್ಲ ಎಂದೇನೂ ನಾನು ಹೇಳುವುದಿಲ್ಲ. ಮೆನುವಿನಲ್ಲಿ ಇಲ್ಲದಿದ್ದರೆ ಮಾತ್ರ ಒತ್ತಾಯಿಸಬೇಡಿ, ಏಕೆಂದರೆ ನೀರಿನಂಶ ಹೆಚ್ಚಿರುವ ಹಣ್ಣಿಗೆ ಒಂದೂವರೆ ನಿಮಿಷದ ಒಲೆ ಸರಿಹೊಂದುವುದಿಲ್ಲ, ಕೆಳಗಿನ ಕಣಕ ನೆನೆದುಹೋಗುತ್ತದೆ.

ಪ್ರಶ್ನೆ: ಉಳಿದ ಪಿಜ್ಜಾವನ್ನು ಕಟ್ಟಿಸಿಕೊಂಡು ಮನೆಗೆ ತಂದರೆ ಚರ್ಮದಂತೆ ಗಟ್ಟಿಯಾಗುತ್ತದೆ. ಏನು ಮಾಡಬೇಕು?

ಉತ್ತರ: ಬಿಸಿ ಇರುವಾಗಲೇ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ ಆವಿ ಒಳಗೇ ನಿಂತು ತಳ ಮೆತ್ತಗಾಗುತ್ತದೆ. ಸ್ವಲ್ಪ ಆರಿದ ಮೇಲೆ ಕಟ್ಟಿಕೊಡಲು ಹೇಳಿ, ಮನೆ ತಲುಪಿದೊಡನೆ ಫ್ರಿಜ್ಜಿನಲ್ಲಿಡಿ. ಮರುದಿನ ಮೈಕ್ರೊವೇವ್ ಬಳಸಬೇಡಿ. ಅದರಲ್ಲಿ ಬಿಸಿ ಮಾಡಿದ ಬ್ರೆಡ್ ಮೊದಲು ಮೆತ್ತಗಾಗಿ, ತಣಿಯುತ್ತಿದ್ದಂತೆ ಅಗಿಯಲಾರದಷ್ಟು ಬಿರುಸಾಗುತ್ತದೆ. ದಪ್ಪ ತಳದ ಬಾಣಲೆಯನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಕಾಯಿಸಿ ತುಂಡುಗಳನ್ನು ಇಡಿ. ತಳ ಗರಿಗರಿಯಾಗುತ್ತಿದ್ದಂತೆ ಬಾಣಲೆಯ ಬದಿಗೆ ಕೆಲವೇ ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚಿದರೆ, ಅರ್ಧ ನಿಮಿಷದಲ್ಲಿ ಚೀಸ್ ಮತ್ತೆ ಕರಗುತ್ತದೆ. ಹೆಚ್ಚು ಹೊತ್ತು ಮುಚ್ಚಿಟ್ಟರೆ ತಳ ಮತ್ತೆ ಮೆತ್ತಗಾಗುತ್ತದೆ, ಆದ್ದರಿಂದ ಒಲೆಯ ಮುಂದಿನಿಂದ ಕದಲಬೇಡಿ.